ಮಹಡಿಯವಳಿಗೆ ನಮ್ಮ ಗೇಟ್ ಕಂಡದ್ದು ಹೇಗೆ

ಗೆಳತಿಯರೇ, ವೈಫೈ ಹಾಕುವವನ ಮುಂದೆ ನಾಲಿಗೆ ಬಿಗಿಹಿಡಿದು ಮಾತಾಡಿ.

ಬೆಳಿಗ್ಗೆ ಮಹಡಿಯಲ್ಲಿ ಬಾಡಿಗೆಗಿರುವ ಬಾಗಲಕೋಟೆಯ ಸಂಗೀತಾ, "ಆಂಟಿ, ನಿನ್ನೆ ಗೇಟ್ ಹತ್ರ ಕೊರಿಯರ್ ಅಣ್ಣಗ ಯಾಕ ಅಷ್ಟ ಬೈದ್ರಿ?" ಎಂದಳು. ಅವಳ ಕಿಟಕಿ ಇರುವುದು ಹಿಂದಿನ ರಸ್ತೆಗೆ. ಗೇಟ್ ಕಾಣುವುದು ನನ್ನ ಕ್ಯಾಮೆರಾಕ್ಕೆ ಮಾತ್ರ.

ತಕ್ಷಣ ವೈಫೈ ಹಾಕಿದ ಮಂಜುನಾಥನನ್ನು ಕರೆಸಿದೆ. "ಬಾಡಿಗೆಯವರಿಗೆ ನನ್ನ ಕ್ಯಾಮೆರಾ ತೋರಿಸು ಅಂತ ಯಾರಪ್ಪ ಹೇಳಿದ್ದು?" ಎಂದು ಅವಳೆದುರೇ ಕೇಳಿದೆ.

ಅವನು ಲ್ಯಾಪ್‌ಟಾಪ್ ತೆರೆದ. "ವೈಫೈ ಪೆಟ್ಟಿಗೆ ಒಂದೇ ಆಂಟಿ, ಒಳಗೆ ಎರಡು ರೌಟರ್ ಇದ್ದ ಹಾಗೆ. ಲಾಗಿನ್ ಹೆಸರಲ್ಲಿ @ ಆದ್ಮೇಲೆ 'ಮನೆ' ಅಂತಿದ್ರೆ ಕ್ಯಾಮೆರಾ ಇರೋ ಕಡೆ ಹೋಗುತ್ತೆ. 'ಬಾಡಿಗೆ' ಅಂತಿದ್ರೆ ಬರೀ ಇಂಟರ್‌ನೆಟ್. ಇವರದ್ದು 'ಮನೆ' ಅಂತಿದೆ."

"ಹಾಗೆ ಹಾಕಿದ್ದು ಯಾರು?"

"ನೀವೇ ಹೇಳಿದ್ರಲ್ಲ! ಯಾರ್ಯಾರಿಗೆ ವೈಫೈ ಅಂತ ಪಟ್ಟಿ ಬರೆಸುವಾಗ, 'ಅವಳು ಬಾಡಿಗೆಯವಳಲ್ಲ ಕಣಪ್ಪ, ನಮ್ಮನೆ ಹುಡುಗಿ' ಅಂದ್ರಿ."

ಅಂದಿದ್ದೆ. ಆಗ ಸಂಗೀತಾ ಮೆಟ್ಟಿಲಿಳಿದು ಬರುತ್ತಿದ್ದಳು. ಅವಳಿಗೆ ಕೇಳಿಸಲಿ ಎಂದೇ ಅಂದಿದ್ದೆ.

"ಈಗ 'ಬಾಡಿಗೆ' ಕಡೆಗೆ ಹಾಕ್ಲಾ ಆಂಟಿ?"

ಸಂಗೀತಾ ತಲೆ ತಗ್ಗಿಸಿ ನಿಂತಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ. "ಇರಲಿ ಬಿಡು" ಎಂದೆ. ಅವಳ ಮುಖ ಅರಳಿತು. ಅರಳಿದ್ದು ನನ್ನ ಮಾತಿಗೋ, ಕ್ಯಾಮೆರಾಕ್ಕೋ ಎಂದು ನನಗೆ ಸ್ವಲ್ಪ ಅನುಮಾನವೇ.

ಇನ್ನು ಮೇಲೆ ಯಾರನ್ನಾದರೂ ಬೈಯುವುದಿದ್ದರೆ ಹಾಲ್‌ಗೆ ಕರೆದು, ಕೂರಿಸಿ ಬೈಯುತ್ತೇನೆ. ಅಲ್ಲಿ ಕ್ಯಾಮೆರಾ ಇಲ್ಲ.