ಬಾಲಮ್ಮ ಬಂದರೆ ಬಸ್ಸು ಹೊರಟಂತೆ

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ಇಡೀ ಶಾಲೆಯ ಎದುರು ಮೈಕಿನಲ್ಲಿ ಮಾನ ಕಳೆದುಕೊಂಡೆ.

ಅದೊಂದು ಪ್ರಾಥಮಿಕ ಶಾಲೆ. ನಾನು ಅಲ್ಲಿನ ಕಚೇರಿಯ ಗುಮಾಸ್ತ. ಗುಮಾಸ್ತ ಎನ್ನುವುದು ನೇಮಕದ ಆದೇಶದಲ್ಲಿ ಮಾತ್ರ. ಗಂಟೆ ಹೊಡೆಯುವುದು, ಕೆಟ್ಟ ನಲ್ಲಿಗೆ ಬಟ್ಟೆ ಸುತ್ತುವುದು, ಟ್ರಿಪ್ಪಿನ ದಿನ ಫೋಟೊ ತೆಗೆಯುವುದು ಎಲ್ಲವೂ ನನ್ನ ತಲೆಗೇ. ಪದವಿ ಮುಗಿಸಿದ ಮಗನಿಗೆ ಕುರ್ಚಿಯ ಕೆಲಸ ಸಿಕ್ಕಿತೆಂದು ಅಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಕುರ್ಚಿಯೇನೋ ಇತ್ತು, ಕೂರಲು ಪುರಸೊತ್ತಿರಲಿಲ್ಲ.

ಆ ದಿನ ಮಕ್ಕಳೆಲ್ಲ ಬಸ್ಸಿನ ಪಕ್ಕ ಸಾಲಾಗಿ ನಿಂತಿದ್ದರು. ಮುಖ್ಯೋಪಾಧ್ಯಾಯಿನಿ, ಅಂದರೆ ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಕಿಟಕಿಯಿಂದಲೇ ಕೂಗಿದರು: “ಬಾಲ ಬಂತಾ ನೋಡಪ್ಪ. ಬಾಲ ಹತ್ತದೆ ಬಸ್ಸು ಬಿಡಬೇಡ.”

ಮಕ್ಕಳನ್ನು ಬಂತು, ಹೋಯಿತು ಎನ್ನುವುದು ನಮ್ಮ ವಾಡಿಕೆ. ಬಾಲ ಎಂಬ ಪುಟ್ಟ ಹುಡುಗ ಎಲ್ಲೋ ಮೂಲೆಯಲ್ಲಿ ಮುನಿಸಿಕೊಂಡು ಕೂತಿರಬೇಕೆಂದು ನನ್ನ ಕರುಳು ಚುರುಕ್ ಎಂದಿತು. ಮೈಕು ತೆಗೆದುಕೊಂಡು, ಇರುವ ಅಕ್ಕರೆಯನ್ನೆಲ್ಲ ಗಂಟಲಿಗೆ ತಂದುಕೊಂಡು ಕರೆದೆ: “ಬಾಲಾ, ಎಲ್ಲಿದ್ದೀಯ ಪುಟ್ಟಾ? ಅಳಬೇಡ ಕಂದ. ಅಂಕಲ್ ಹತ್ರ ಬಾ.”

ಉಗ್ರಾಣದ ಬಾಗಿಲು ತೆರೆಯಿತು. ಐವತ್ತು ದಾಟಿದ, ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸೊಬ್ಬರು ಹೊರಗೆ ಬಂದರು. “ಅಳ್ತಿಲ್ಲ ಅಂಕಲ್,” ಎಂದರು. “ಚಪ್ಪಲಿ ಬದಲಾಯಿಸ್ತಿದ್ದೆ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಆ ಹೆಂಗಸು, ಅಂದರೆ ಬಾಲಮ್ಮ, ನನ್ನನ್ನು ಕರೆದದ್ದು ‘ಮರಿ ಸಾಹೇಬ’ ಎಂದೇ.

ಆ ಶಾಲೆಯಲ್ಲಿ ಮಕ್ಕಳ ಸಾಲಿಗೆ ತಲೆ ಮತ್ತು ಬಾಲ ಎಂದು ಎರಡು ಹುದ್ದೆಗಳಿದ್ದವು. ಮುಂದೆ ನಡೆಯುವ ಮೇಡಂ ತಲೆ, ಕೊನೆಯಲ್ಲಿ ನಡೆಯುವ ಆಯಾ ಬಾಲ. ಎಂಥ ಮಗು ತಡಮಾಡಿದರೂ ಬಾಲ ಅದನ್ನು ದಾಟಿ ಮುಂದೆ ಹೋಗುವಂತಿಲ್ಲ. ಹಾಗಾಗಿ ಬಸ್ಸು ಹತ್ತುವ ಗಡಿಬಿಡಿಯಲ್ಲಿ ಯಾರೂ ತಲೆ ಎಣಿಸುತ್ತಿರಲಿಲ್ಲ. ಬಾಲಮ್ಮ ಹತ್ತಿದರೆ ಎಲ್ಲರೂ ಹತ್ತಿದಂತೆ. ಚಾಲಕ ಬಾಗಿಲು ಹಾಕುತ್ತಿದ್ದ. ನಾನು ಶಾಲೆಗೆ ಹೋಗುವ ವಯಸ್ಸಿನಲ್ಲಿದ್ದಾಗಲೂ ಅಲ್ಲಿ ಅವರೇ ಬಾಲವಂತೆ.

ಅವರ ಗಂಡ ಶಾಲೆಯ ಹಿಂದಿನ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದರು. ಒಂದು ಕಿವಿ ಕೇಳಿಸುತ್ತಿರಲಿಲ್ಲವಾದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು. ನನ್ನ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು ಒಮ್ಮೆ ಅಂದರು: “ನಾನು ಊರವರ ತಲೆ ನೋಡ್ಕೋತೀನಿ, ನಮ್ಮವಳು ಬಾಲ ನೋಡ್ಕೋತಾಳೆ. ನಡುವಿನ ಹೊಟ್ಟೆ ಹೇಗೋ ತುಂಬುತ್ತೆ ಬಿಡಿ.” ಆಮೇಲೆ ಅದೇ ಗಂಟಲಲ್ಲಿ, “ಪಾಪ, ಮಂಡಿ ಒಂದು ಕೈಕೊಟ್ಟಿದೆ ಅವಳಿಗೆ. ಶಾಲೇಲಿ ಹೇಳ್ಬೇಡಿ!” ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಪುಣ್ಯಕ್ಕೆ ಶಾಲೆಯವನು ನಾನೊಬ್ಬನೇ.

ಹೇಳಬೇಡಿ ಎಂದದ್ದಕ್ಕೆ ಕಾರಣವಿತ್ತು. ಹಿಂದಿನ ಟ್ರಿಪ್ಪಿನಲ್ಲಿ ಇನ್ನೊಬ್ಬ ಆಯಾ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದರು. ಅದಾದ ಮೇಲೆ ದೊಡ್ಡ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: ಕಾಲು ಗಟ್ಟಿಯಿಲ್ಲದವರು ಮಕ್ಕಳ ಜೊತೆ ಹೊರಗೆ ಹೋಗುವುದು ಬೇಡ, ಅವರಿಗೆ ಒಳಗಿನ ಕೆಲಸ. ಒಳಗಿನ ಕೆಲಸವೆಂದರೆ ನೆಲ, ಶೌಚಾಲಯ, ಮತ್ತೆ ನೆಲ.

ಒಂದು ಬೆಳಿಗ್ಗೆ ಸೀಮೆಸುಣ್ಣಕ್ಕೆಂದು ಉಗ್ರಾಣಕ್ಕೆ ಹೋದಾಗ ಬಾಲಮ್ಮ ಬಕೆಟ್ಟು ಮಗುಚಿ ಅದರ ಮೇಲೆ ಕೂತು ಮಂಡಿಗೆ ಮುಲಾಮು ತಿಕ್ಕುತ್ತಿದ್ದರು. ಮಂಡಿ ಊದಿ ಹೊಳೆಯುತ್ತಿತ್ತು.

“ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ ಮರಿ ಸಾಹೇಬ,” ಎಂದರು. “ಹೆಂಗಿದ್ರೂ ಎಲೆ ಉದುರೋ ಕಾಲ.”

“ಒಂದು ಸಲ ಬಿಟ್ಟುಬಿಡಿ ಬಾಲಮ್ಮ. ಈ ಟ್ರಿಪ್ಪಿಗೆ ಬೇರೆಯವರು ಹೋಗ್ಲಿ.”

“ಒಂದು ಸಲ ಬಿಟ್ರೆ ಆ ಜಾಗ ಮತ್ತೆ ನಂದಾಗುತ್ತಾ? ವರ್ಷವೆಲ್ಲ ನೆಲ ಒರೆಸೋದೇ ಈ ನಾಲ್ಕು ದಿನಕ್ಕೋಸ್ಕರ ಕಣಪ್ಪ. ಅವತ್ತು ನಾನು ಹತ್ತೋತನಕ ಬಸ್ಸು ನಿಂತಿರುತ್ತೆ. ಬೇರೆ ದಿನ ನನಗೋಸ್ಕರ ಏನು ನಿಲ್ಲುತ್ತೆ ಹೇಳು, ಗಡಿಯಾರಾನಾ?”

ನಾನು ಸೀಮೆಸುಣ್ಣ ತೆಗೆದುಕೊಂಡು ಬಂದೆ, ಯಾರಿಗೂ ಹೇಳಲಿಲ್ಲ.

ಎಲೆ ಉದುರುವ ಕಾಲದ ಪಾಠಕ್ಕೆ ಎರಡನೇ ತರಗತಿಯ ಮೇಡಂ ‘ತರಗತಿಯಲ್ಲ, ತರಗೆಲೆ’ ಎಂದು ಹೆಸರಿಟ್ಟಿದ್ದರು. ಆ ಟ್ರಿಪ್ಪು ಹೋದದ್ದು ಕೆರೆಯ ಪಕ್ಕದ ಗುಡ್ಡದ ಮೇಲಿನ ತೋಪಿಗೆ. ಮಕ್ಕಳು ಎಲೆ ಆರಿಸಬೇಕು, ಅಂಚು ನೋಡಿ ಗುಂಪು ಮಾಡಬೇಕು, ಎಲೆಯ ಮೇಲೆ ಕಾಗದವಿಟ್ಟು ಬಣ್ಣದ ಕಡ್ಡಿ ತಿಕ್ಕಿ ನರಗಳನ್ನು ಮೂಡಿಸಬೇಕು. ಹುಡುಗನೊಬ್ಬ ಸತ್ತ ಜೀರುಂಡೆಯನ್ನೂ ಕಾಗದದಡಿ ಇಟ್ಟು ತಿಕ್ಕಿದ. ನಾನು ಹೆಬ್ಬೆರಳು ಅಡ್ಡವಿಟ್ಟುಕೊಂಡೇ ಅರ್ಧ ಫೋಟೊ ತೆಗೆದೆ.

ಕೆಂಪು ಟೋಪಿಯ ಹುಡುಗಿಯೊಬ್ಬಳಿದ್ದಳು. ಅವಳಿಗೆ ಯಾವ ಎಲೆಯನ್ನೂ ಬಿಟ್ಟು ಬರಲು ಮನಸ್ಸಿಲ್ಲ. ಚೀಲ ತುಂಬಿತು, ಜೇಬು ತುಂಬಿತು, ಕಾಲುಚೀಲದೊಳಗೂ ಸೇರಿಸಿದಳು. ಹೊರಡುವ ಹೊತ್ತಿಗೆ ಮೋಡ ಕವಿದು ಗಾಳಿ ಎದ್ದಿತು. ಮೇಡಂ ಗುಡ್ಡದ ಮೇಲೇ ಎಲ್ಲರನ್ನೂ ಎಣಿಸಿ, “ಬೇಗ ಬೇಗ,” ಎನ್ನುತ್ತ ಮೆಟ್ಟಿಲಿಳಿಯತೊಡಗಿದರು.

ಬಾಲಮ್ಮನ ಮುಖ ಆಗಲೇ ಬಿಳಿಚಿಕೊಂಡಿತ್ತು. ಕಲ್ಲಿನ ಮೆಟ್ಟಿಲು, ಮೇಲೆ ಜಾರುವ ಎಲೆ. ಅವರು ಅಡ್ಡಡ್ಡ ಹೆಜ್ಜೆ ಇಡುತ್ತಿದ್ದರು. ನಾನು ಹತ್ತಿರ ಹೋದರೆ ಕಣ್ಣಲ್ಲೇ ಓಡಿಸಿದರು. ನಾನು ಕೈ ಕೊಟ್ಟರೆ ಮೇಡಂ ನೋಡಿಬಿಡುತ್ತಾರೆ. ಟೋಪಿಯ ಹುಡುಗಿ ಮಾತ್ರ ಮತ್ತೆ ಮತ್ತೆ ಬಗ್ಗಿ ಎಲೆ ಹೆಕ್ಕುತ್ತ ಹಿಂದೆ ಬೀಳುತ್ತಿದ್ದಳು.

“ಏನೇ, ನೀನೇನು ನನಗೆ ಬಾಲಂಗೋಚಿನಾ?” ಎಂದರು ಬಾಲಮ್ಮ, ಹಲ್ಲು ಕಚ್ಚಿಕೊಂಡೇ.

“ಬಾಲಂಗೋಚಿ ಅಂದ್ರೆ?”

“ಗಾಳಿಪಟದ ಹಿಂದೆ ದಾರದಲ್ಲಿ ತೂಗ್ತಾ ಬರುತ್ತಲ್ಲ, ಅದು. ನಡಿ, ನಡಿ.”

ನಾನು ನಕ್ಕು, ಕ್ಯಾಮೆರಾ ತೂಗಿಸಿಕೊಂಡು ಮುಂದೆ ಹೋದೆ.

ಬಾಲಮ್ಮ ಬಸ್ಸಿನ ಕಂಬಿ ಹಿಡಿದು ಎರಡೂ ಕೈಯಲ್ಲಿ ಮೈ ಎಳೆದುಕೊಂಡು ಹತ್ತಿದರು. ಮುಂದಿನ ಸೀಟಿನಲ್ಲಿ ಕುಸಿದು ಕಣ್ಣು ಮುಚ್ಚಿದರು. ಬಾಲ ಬಂತು, ಚಾಲಕ ಬಾಗಿಲು ಹಾಕಿದ. ಬಸ್ಸು ಕೆರೆಯಂಚಿನ ತಿರುವು ದಾಟಿತು. ಕಿಟಕಿಗೆ ಎಲೆಗಳು ರಪರಪ ಬಡಿಯುತ್ತಿದ್ದವು.

ಮೂರನೇ ಸಾಲಿನಲ್ಲಿ ಹಲ್ಲಿಲ್ಲದ ಹುಡುಗನೊಬ್ಬ ಪಕ್ಕದ ಖಾಲಿ ಜಾಗದಲ್ಲಿ ತನ್ನ ಎಲೆಗಳನ್ನು ಹರಡಿಕೊಂಡು ಕೂತಿದ್ದ.

“ಇಲ್ಲಿ ಯಾರೋ?” ಎಂದೆ.

“ಕೆಂಪು ಟೋಪಿ. ಅವಳು ಬಂದಿಲ್ಲ.”

“ಬಂದಿಲ್ಲ ಅಂದ್ರೆ?”

“ಅವಳು ಬಾಲಂಗೋಚಿಯಂತೆ. ಬಾಲದ ಹಿಂದೆ ಬರ್ತಾಳಂತೆ.”

ನನಗೆ ಅರ್ಥವಾಗುವ ಮೊದಲೇ ಬಾಲಮ್ಮನಿಗೆ ಅರ್ಥವಾಯಿತು. ಅವರ ಬಾಯಿಂದ ಬಂದ ಸದ್ದಿಗೆ ಚಾಲಕ ಗಕ್ಕನೆ ಬ್ರೇಕು ಹಾಕಿದ. ಬಾಲದ ಹಿಂದೆ ಯಾರೂ ಇರುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಆ ಶಾಲೆ ಅಷ್ಟು ವರ್ಷ ನಡೆದಿತ್ತು. ಅಂದು ಒಬ್ಬಳು ಇದ್ದಳು.

“ಹಿಂದಕ್ಕೆ ತಗೋತೀನಿ,” ಎಂದ ಚಾಲಕ, ಗೇರಿಗೆ ಕೈ ಹಾಕಿ.

“ಬೇಡ! ಚಕ್ರ ಅಲ್ಲಾಡಿಸಬೇಡ!” ಬಾಲಮ್ಮ ಕಿರುಚಿದರು. “ಬಸ್ಸಿನ ಹಿಂದೇನೇ ಓಡಿ ಬಂದಿದ್ರೆ?”

ಚಾಲಕ ಬೆಂಕಿ ಮುಟ್ಟಿದವನಂತೆ ಕೈ ತೆಗೆದ. ನಾನು ಹಾರಿ ಇಳಿದೆ. ಬಸ್ಸಿನ ಹಿಂದೆ ಯಾರೂ ಇರಲಿಲ್ಲ. ಇದ್ದದ್ದು ರಸ್ತೆ, ಗಾಳಿ, ಒಂದು ಪಕ್ಕದಲ್ಲಿ ಕೆರೆ.

ಓಡಿದೆ. ಹಿಂದೆ ಮೇಡಂ ಮಕ್ಕಳನ್ನು ಕೂರಿಸಲು ಕೂಗುತ್ತಿದ್ದದ್ದು ಕೇಳುತ್ತಿತ್ತು. ತಿರುವಿಗೆ ಬಂದೆ. ಕೆರೆಯ ಅಂಚಿನ ಜೊಂಡಿನಾಚೆ, ನೀರಿನ ಮೇಲೆ, ಕೆಂಪು ಟೋಪಿ ಮೆಲ್ಲಗೆ ತಿರುಗುತ್ತಿತ್ತು.

ಈಜು ಬರುವುದಿಲ್ಲ ಎಂಬುದು ನೀರಿಗಿಳಿದ ಮೇಲೆ ನೆನಪಾಯಿತು. ಕೆಸರು ಮೊಣಕಾಲು ಹಿಡಿಯಿತು. ಕತ್ತಿನಲ್ಲಿದ್ದ ಕ್ಯಾಮೆರಾ ನನಗಿಂತ ಮೊದಲೇ ಮುಳುಗಿತು. ಟೋಪಿ ಹಿಡಿದು, ಅದರಡಿಯ ನೀರಿನಲ್ಲಿ ಕೈಯಾಡಿಸುತ್ತ ಹುಚ್ಚನಂತೆ ತಡಕಿದೆ. ಜೊಂಡಿನ ಬೇರು ಕೈಗೆ ಸಿಕ್ಕಿದಾಗ ಕೂದಲು ಎಂದುಕೊಂಡು ಕೂಗಿಬಿಟ್ಟೆ.

“ಅಂಕಲ್, ಅದು ನನ್ನ ಟೋಪಿ.”

ಧ್ವನಿ ಬೆನ್ನ ಹಿಂದಿನಿಂದ ಬಂತು. ದಡದ ಕೆಸರಿನಲ್ಲಿ ಎರಡೂ ಬೂಟು ಹೂತುಕೊಂಡು, ಒಂದು ಕೈಯಲ್ಲಿ ಗಿಡವನ್ನು ತಬ್ಬಿ ನಿಂತಿದ್ದಳು. ಎಲೆಯ ಚೀಲ ಮಾತ್ರ ಒದ್ದೆಯಾಗದಂತೆ ತಲೆಯ ಮೇಲಿತ್ತು. “ದಾರದಷ್ಟು ದೂರ ಬರ್ತಿದ್ದೆ,” ಎಂದಳು. “ಬಸ್ಸು ಹೋಗೇಬಿಡ್ತು. ಟೋಪೀನೂ ಹಾರಿಹೋಯ್ತು.”

ಅವಳನ್ನು ಎತ್ತಿಕೊಂಡು ದಡ ಹತ್ತಿದಾಗ ಬಾಲಮ್ಮ ರಸ್ತೆಯಲ್ಲಿ ಕಾಲೆಳೆಯುತ್ತ ಬರುತ್ತಿದ್ದರು. ಹತ್ತಿರ ಬಂದವರು ಹುಡುಗಿಯ ಬೆನ್ನಿಗೆ ಒಂದು ಗುದ್ದು ಗುದ್ದಿದರು. ಗುದ್ದಿದ ಕೈಯನ್ನು ಅಲ್ಲಿಂದ ತೆಗೆಯಲೇ ಇಲ್ಲ. ಅವರು ಕುಂಟುವುದು ಗಾಬರಿಯ ಓಟದಲ್ಲಿ ಕಾಲು ಉಳುಕಿದ್ದರಿಂದ ಎಂದು ಮೇಡಂ ತಿಳಿದರು. ನಾನು ತಿದ್ದಲಿಲ್ಲ.

ಸಂಜೆ ದೊಡ್ಡ ಮೇಡಂ ಕೋಣೆಯಲ್ಲಿ ಹುಡುಗಿಯ ತಾಯಿ ಕೂತಿದ್ದರು. ಒದ್ದೆ ಟೋಪಿ ಅವರ ತೊಡೆಯ ಮೇಲಿತ್ತು. ನಾನು ಚಾಲಕನ ಹಳೇ ಪ್ಯಾಂಟು ತೊಟ್ಟು, ಸೊಂಟ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದೆ. ಬಾಲಮ್ಮ ಕುರ್ಚಿ ಬೇಡವೆಂದು ಗೋಡೆಗೆ ಒರಗಿದ್ದರು.

ತಾಯಿ ಜೋರಾಗಿ ಮಾತಾಡಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. “ಒಂದೇ ಕೇಳ್ತೀನಿ,” ಎಂದರು ಬಾಲಮ್ಮನ ಕಡೆ ತಿರುಗಿ. “ಬಸ್ ಹತ್ತೋ ಮುಂಚೆ ಒಂದ್ಸಲನಾದ್ರೂ ಹಿಂದೆ ತಿರುಗಿ ನೋಡಿದ್ರಾ?”

ದೊಡ್ಡ ಮೇಡಂ ಥಟ್ಟನೆ ನಡುವೆ ಬಂದರು. “ನೋಡಿರ್ತಾರೆ, ನೋಡದೆ ಇರ್ತಾರಾ? ಎಷ್ಟು ವರ್ಷದ ಅನುಭವ ಅವರದು! ಮಗು ಆಟಕ್ಕೆ ಎಲ್ಲೋ ಮರದ ಹಿಂದೆ ಬಚ್ಚಿಟ್ಕೊಂಡಿರುತ್ತೆ. ಅಲ್ವಾ ಬಾಲಮ್ಮ?”

ತಲೆಯಾಡಿಸಿದ್ದರೆ ಸಾಕಿತ್ತು. ನಾನಂತೂ ಬಾಗಿಲಲ್ಲಿ ನಿಂತು ಅವರ ಪರವಾಗಿ ಆಗಲೇ ತಲೆಯಾಡಿಸುತ್ತಿದ್ದೆ. ಬಾಲಮ್ಮ ನನ್ನನ್ನು ನೋಡಿದರು, ಆಮೇಲೆ ಟೋಪಿಯನ್ನು.

“ಇಲ್ಲ ತಾಯಿ, ನೋಡ್ಲಿಲ್ಲ. ನನ್ನ ಮಂಡಿ ಹೋಗಿ ಬಹಳ ದಿನ ಆಯ್ತು. ಎಲ್ಲಿ ಬೀಳ್ತೀನೋ ಅಂತ ನೆಲ ನೋಡ್ಕೊಂಡು ಬಂದೆ.”