ಜಿನೀವಾದಲ್ಲಿ ಕುಳಿತು ಬರೆದ ಒಂದು ವಾಕ್ಯ

ಜಿನೀವಾಕ್ಕೆ ಬಂದ ಮೊದಲ ಭಾನುವಾರವೇ ನಾನು ಕಾನೂನು ಮುರಿದೆ. ಮಾಡಿದ್ದಿಷ್ಟೇ: ಖಾಲಿಯಾದ ಉಪ್ಪಿನಕಾಯಿ ಬಾಟಲಿಯನ್ನು ಬೀದಿ ತುದಿಯ ಕಸದ ತೊಟ್ಟಿಗೆ ಹಾಕಿದೆ. ಒಳಗೆ ಗಾಜು ಒಡೆದ ಸದ್ದಾಯಿತು. ನಾಯಿ ಹಿಡಿದು ಹೊರಟಿದ್ದ ಮುದುಕರೊಬ್ಬರು ನಿಂತು, ತೊಟ್ಟಿಯ ಮೇಲಿನ ಫಲಕವನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಭಾನುವಾರ ಗಾಜು ಹಾಕುವಂತಿಲ್ಲ. ಸದ್ದಿನಿಂದ ಜನರಿಗೆ ತೊಂದರೆಯಾಗುತ್ತದೆ.

ಮರುದಿನ ಕಚೇರಿಯಲ್ಲಿ ನನ್ನ ಮೇಜಿನ ಮೇಲಿದ್ದ ಮೊದಲ ಕಡತ ಬೇರೊಂದು ಒಡೆಯುವಿಕೆಯದು. ಒಂದು ದೇಶ ಇನ್ನೊಂದು ದೇಶದ ಉಪಗ್ರಹವನ್ನು ಕ್ಷಿಪಣಿಯಿಂದ ಚೂರುಚೂರು ಮಾಡಿದರೆ ಯಾವ ಕಾನೂನು ಅನ್ವಯಿಸುತ್ತದೆ? ಐವತ್ತು ವರ್ಷಕ್ಕೂ ಹಳೆಯ ಒಪ್ಪಂದವೊಂದಿದೆ. ಭೂಮಿಯ ಸುತ್ತ ಅಣ್ವಸ್ತ್ರ ಇಡಬಾರದು, ಚಂದ್ರನ ಮೇಲೆ ಸೇನಾ ನೆಲೆ ಕಟ್ಟಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ನೆಲದಿಂದ ಹಾರಿದ ಸಾಮಾನ್ಯ ಕ್ಷಿಪಣಿಯ ಬಗ್ಗೆ ಅಷ್ಟು ನೇರವಾದ ಮಾತಿಲ್ಲ. ಆಕಾಶದಲ್ಲಿ ಯುದ್ಧವಾದರೆ ಹಳೆಯ ನಿಯಮಗಳು ಹೇಗೆ ಅನ್ವಯಿಸುತ್ತವೆ ಎಂದು ಪುಸ್ತಕ ಬರೆಯುತ್ತಿದ್ದ ವಕೀಲರ ಗುಂಪಿಗೆ ನಾನು ಸಹಾಯಕಿಯಾಗಿ ಸೇರಿದ್ದೆ.

ಅದಕ್ಕೂ ಮೊದಲು ನಮ್ಮ ತಾಲ್ಲೂಕು ಕೇಂದ್ರವಾದ ಇಂಡಿ ಪಟ್ಟಣದ ನ್ಯಾಯಾಲಯದಲ್ಲಿ ಮೂರು ವರ್ಷ ಕಿರಿಯ ವಕೀಲೆಯಾಗಿದ್ದೆ. ಬದುವಿನ ಜಗಳ, ಪಾಲಿನ ದಾವೆ, ಬಾವಿಯ ಹಕ್ಕು. ಅಲ್ಲಿ ಕಕ್ಷಿದಾರರು ಎದುರಿಗೆ ನಿಂತು ಅಳುತ್ತಿದ್ದರು, ಬೈಯುತ್ತಿದ್ದರು. ಇಲ್ಲಿ ಕಕ್ಷಿದಾರರೇ ಇಲ್ಲ, ಇರುವುದು ದೇಶಗಳು ಮಾತ್ರ.

ಮನೆ ಸಿಗಲು ನಾಲ್ಕು ತಿಂಗಳಾಯಿತು. ಈ ಊರಿನಲ್ಲಿ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಕಚೇರಿಗೆ ‘ರೆಜಿ’ ಎನ್ನುತ್ತಾರೆ. ಅವರಿಗೆ ನಮ್ಮ ಕಾಗದಪತ್ರಗಳ ಕಟ್ಟು ಒಪ್ಪಿಸಿ, ವರ ನೋಡಿ ಹೋದ ಮೇಲೆ ಉತ್ತರಕ್ಕೆ ಕಾದಂತೆ ಕಾಯಬೇಕು. ಕಡೆಗೂ ಒಂದು ಕೋಣೆ ಸಿಕ್ಕಿತು. ಆ ಸಂಭ್ರಮಕ್ಕೆ ಊರಿನಿಂದ ತಂದಿದ್ದ ಹಿಟ್ಟು ನಾದಿ, ಭಾನುವಾರ ಬೆಳಿಗ್ಗೆ ಜೋಳದ ರೊಟ್ಟಿ ಬಡಿದೆ. ಆರು ರೊಟ್ಟಿ. ಮೂರನೆಯದು ಮಾತ್ರ ಹರಿಯಿತು. ನಮ್ಮೂರು ತಾಂಬಾ ಬಿಟ್ಟ ಮೇಲೆ ಅಂದು ಮೊದಲ ಬಾರಿ ಹೊಟ್ಟೆ ತುಂಬ ಉಂಡೆ.

ಮಂಗಳವಾರ ರೆಜಿಯಿಂದ ಪತ್ರ ಬಂತು. ಅಡುಗೆಮನೆಯಲ್ಲಿ ಏನನ್ನೋ ಒಂದೇ ಸಮನೆ ಬಡಿಯುತ್ತಿದ್ದೀರಿ, ಕೆಳಗಿನ ಮನೆಯವರಿಗೆ ತೊಂದರೆಯಾಗಿದೆ, ಮತ್ತೆ ಹೀಗಾಗಬಾರದು. ಆಮೇಲೆ ನಾನು ರೊಟ್ಟಿಯನ್ನು ಲಟ್ಟಣಿಗೆಯಿಂದ ಸದ್ದಿಲ್ಲದೆ ಒತ್ತುವುದನ್ನು ಕಲಿತೆ. ಅದು ರೊಟ್ಟಿಯಂತೆ ಕಾಣುತ್ತಿತ್ತು, ಅಷ್ಟೇ.

ಬೇಸಿಗೆ ಹತ್ತಿರವಾದಾಗ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಫೋನ್ ಮಾಡಿದರು. ತಾಂಬಾದ ನಮ್ಮ ಹೊಲದಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿಗೆ ಅವರದೇ ಉಸ್ತುವಾರಿ.

“ಸುಜಾತಾ, ಎರಡು ದಿನ ಮೊಬೈಲಿಗಿ ಹವಾಮಾನದ ಮೆಸೇಜ್ ಬರಲಿಲ್ಲವ್ವಾ. ಮಳಿ ಇರಂಗಿಲ್ಲ ಅಂತ ತಾಡಪತ್ರಿ ಇಳಿಬಿಟ್ಟು ಶೆಡ್ ಮುಚ್ಚಲಿಲ್ಲ. ಮಧ್ಯಾನ ಒಮ್ಮೆಲೇ ಗಾಳಿ-ಮಳಿ ಬಡೀತು. ಮಣೂಕೆಲ್ಲಾ ಕರ್ರಗ ಆಗ್ಯಾವು.”

“ಮೆಸೇಜ್ ಯಾಕ ಬರಲಿಲ್ಲಂತ್ರಿ?”

“ಯಾರಿಗ್ಗೊತ್ತು? ಟಾವರ್ ಕೆಟ್ಟೈತಿ ಅಂತಾರ ಒಬ್ಬರು, ಮ್ಯಾಲ ಸ್ಯಾಟಲೈಟಿನಿಂದನ ಬರಲಿಲ್ಲ ಅಂತಾರ ಇನ್ನೊಬ್ಬರು. ಕೇಸ್ ಯಾರ ಮ್ಯಾಲ ಹಾಕೂದು, ಮುಗಿಲಿನ ಮ್ಯಾಲ?”

ಆ ವಾರ ನಮ್ಮ ಗುಂಪು ಚರ್ಚಿಸುತ್ತಿದ್ದದ್ದು ಅದನ್ನೇ. ಸೇನೆಯೂ ರೈತರೂ ಬಳಸುವ ಉಪಗ್ರಹವೊಂದನ್ನು ಒಡೆಯದೆ, ಅದರ ಸಂಕೇತವನ್ನು ಮಾತ್ರ ಎರಡು ದಿನ ಅಡ್ಡಗಟ್ಟಿದರೆ ಅದು ‘ದಾಳಿ’ಯೇ? ದಾಳಿಯಾದರೆ ನಾಗರಿಕರಿಗಾಗುವ ಹಾನಿಯನ್ನು ಮೊದಲೇ ತೂಗಿ ನೋಡಬೇಕು. ಅಲ್ಲವಾದರೆ ತೂಗಬೇಕಿಲ್ಲ. ನಾನು ಕೈ ಎತ್ತಿ ವೈನಿಯ ಕಥೆ ಹೇಳಿದೆ. ಊರಿನಲ್ಲಿ ಆದದ್ದು ಯಾರ ಕೃತ್ಯವೂ ಇರಲಿಕ್ಕಿಲ್ಲ, ಆದರೆ ಬೇಕೆಂದೇ ಹೀಗೆ ಮಾಡಿದರೆ ಏನಾಗುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ ಎಂದೆ.

ಮುಖ್ಯಸ್ಥರು ನಿವೃತ್ತ ಸೇನಾ ವಕೀಲರು, ಮೃದು ಮಾತಿನವರು. “ಕೇಳಿ ಬೇಸರವಾಯಿತು. ಆದರೆ ಯಾರೂ ಸಾಯಲಿಲ್ಲ, ಯಾವ ವಸ್ತುವೂ ಒಡೆಯಲಿಲ್ಲ” ಎಂದರು.

“ವರ್ಷದ ಬೆಳೆ ಹಾಳಾಯಿತಲ್ಲ?”

“ಹಾಳು ಮಾಡಿದ್ದು ಮಳೆ.”

ಎದುರಿಗಿದ್ದ ಸಹೋದ್ಯೋಗಿಯೊಬ್ಬಳು ನಗುತ್ತ, “ಉಪಗ್ರಹ ಒಡೆದು ತೋರಿಸಿದ ನಾಲ್ಕು ದೇಶಗಳಲ್ಲಿ ನಿಮ್ಮದೂ ಒಂದಲ್ಲವೇ?” ಎಂದು ಕೇಳಿದಳು. ಅದು ನಿಜವೇ. ನಾವು ಒಡೆದದ್ದು ನಮ್ಮದೇ ಉಪಗ್ರಹ ಎಂದು ಹೇಳಬಹುದಿತ್ತು. ಆದರೆ ಆ ಸುದ್ದಿ ಬಂದ ದಿನ ಇಂಡಿ ನ್ಯಾಯಾಲಯದ ವಕೀಲರ ಕೋಣೆಯಲ್ಲಿ ಪೇಢೆ ಹಂಚಿದ್ದರು. ನಾನು ಎರಡು ತಿಂದಿದ್ದೆ.

ತಾತ್ಕಾಲಿಕ ಅಡಚಣೆ ದಾಳಿಯಲ್ಲ, ಅದು ಕೇವಲ ‘ಅನಾನುಕೂಲ’ ಎಂದು ಬಹುಮತದವರು ಒಪ್ಪಿದರು. ಆ ಪ್ಯಾರಾ ಬರೆಯುವ ಕೆಲಸ ನನಗೆ ಬಂತು. “ನಿಮ್ಮ ಬರಹ ಚೊಕ್ಕಟ” ಎಂದರು ಮುಖ್ಯಸ್ಥರು. ಭಿನ್ನಮತವೂ ಇದೆ ಎಂಬ ಒಂದು ಸಾಲನ್ನು ಸೇರಿಸಿದೆ. ಅದನ್ನು ಹೊಡೆದುಹಾಕಿದರು. ಮುಂದಿನ ತಿಂಗಳು ನನ್ನ ವಾಸದ ಪರವಾನಗಿ ನವೀಕರಣವಾಗಬೇಕಿತ್ತು, ಅದಕ್ಕೆ ಈ ಕಚೇರಿಯ ಪತ್ರ ಬೇಕಿತ್ತು. ಮತ್ತೆ ಕೈ ಎತ್ತಲಿಲ್ಲ. ನನ್ನ ಮಂದಿಯ ನಷ್ಟ ನಷ್ಟವಲ್ಲ ಎನ್ನುವ ಆ ವಾಕ್ಯವನ್ನು ನಾನೇ ಮೂರು ಸಲ ತಿದ್ದಿ ಸೊಗಸು ಮಾಡಿ ಕೊಟ್ಟೆ. ಮನೆಯಲ್ಲಿ ಆರು ರೊಟ್ಟಿ ಬಡಿದರೆ ಇಲ್ಲಿ ಪತ್ರ ಬರುತ್ತದೆ. ಆ ವಾಕ್ಯಕ್ಕೆ ಯಾರಿಂದಲೂ ಆಕ್ಷೇಪಣೆ ಬರಲಿಲ್ಲ.

ರಜೆಯಲ್ಲಿ ತಾಂಬಾಕ್ಕೆ ಹೋದೆ. ವೈನಿ ಶೆಡ್ಡಿನಲ್ಲಿ ಕುಳಿತು ಕಪ್ಪಾದ ಮಣೂಕ ಆರಿಸುತ್ತಿದ್ದರು. ನಾನೂ ಮೊರ ಎಳೆದುಕೊಂಡು ಕುಳಿತೆ.

“ಅಲ್ಲಿ ಅದೇನೋ ಪುಸ್ತಕ ಬರೀತಿದ್ದೆಲ್ಲ, ಮುಗೀತೇನು? ನಮ್ಮ ಮಣೂಕದ ಸುದ್ದಿ ಹಾಕಿದೇನು?” ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. ಫೋನಿನಲ್ಲಿದ್ದ ಆ ವಾಕ್ಯವನ್ನು ಕನ್ನಡ ಮಾಡಿ ಹೇಳಿದೆ. ‘ಅನಾನುಕೂಲ’ಕ್ಕೆ ‘ತ್ರಾಸ’ ಎಂದೆ.

“ಬರೇ ತ್ರಾಸ?”

“ಹೌದ್ರಿ.”

“ಯಾರು ಬರದವರು?”

“ನಾನ ಬರದೇನಿ, ವೈನಿ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊರದಿಂದ ಕಪ್ಪಾದದ್ದೊಂದನ್ನು ಆರಿಸಿ ಬದಿಗೆ ಹಾಕಿದರು. “ದೊಡ್ಡ ಮಂದ್ಯಾಗ ಕುಂತಿ. ಅವರು ಅಂದಂಗ ಬರಿಯಾಕಬೇಕಲ್ಲ” ಎಂದಷ್ಟೇ ಹೇಳಿದರು. ಆ ಕ್ಷಮೆಯಲ್ಲಿ ನನ್ನನ್ನು ಮನೆಯವಳಲ್ಲ, ಅತಿಥಿ ಎಂದು ನೋಡಿದ ದೂರವಿತ್ತು.

ಹೊರಡುವ ದಿನ ಇಂಡಿ ಬಸ್ಸಿನ ತನಕ ಬಂದರು. ಬಸ್ಸು ಕಾಣಿಸಿದಾಗ ನನ್ನ ಚೀಲ ಎತ್ತಿಕೊಡುತ್ತ, “ನಿಮ್ಮೂರು ಮುಟ್ಟಿದ ಮ್ಯಾಲ ಫೋನ್ ಮಾಡು” ಎಂದರು.

ನಿಮ್ಮೂರು. ತಿದ್ದಬೇಕೆಂದು ಬಾಯಿ ತೆರೆದೆ. ಯಾವ ಊರಿನ ಹೆಸರು ಹೇಳಬೇಕೆಂದು ತಿಳಿಯಲಿಲ್ಲ. ಕಂಡಕ್ಟರ್ ಕೂಗಿದ, ಹತ್ತಿ ಕುಳಿತೆ.