ಕರೂರಿಗೆ ಹೊರಟಿದ್ದ ಅತ್ತಿಗೆ

ನಮ್ಮ ಅತ್ತಿಗೆಯ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರನ್ನೂ ಕಳೆದುಕೊಂಡ ನನ್ನ ಅಣ್ಣನನ್ನು ಎರಡು ವರ್ಷ ಆ ಭುಜಕ್ಕೆ ಆನಿಸಿಕೊಂಡು ಬಚ್ಚಲಿಗೆ, ಕಟ್ಟೆಗೆ, ಮತ್ತೆ ಮಂಚಕ್ಕೆ ಒಯ್ದು ತಂದದ್ದರಿಂದ ಬಂದದ್ದು. ಓಣಿಯಲ್ಲಿ ಬಟ್ಟೆ ಹೊಲಿಯುವಾಕೆ ರವಿಕೆಯ ಅಳತೆ ತೆಗೆದು, ಟೇಪು ತಪ್ಪಿತೇನೋ ಎಂದು ಮತ್ತೊಮ್ಮೆ ತೆಗೆದಳಂತೆ. "ಟೇಪು ಬರೋಬರಿ ಐತವ್ವ, ನಾನ ಸೊಟ್ಟಗಾಗೀನಿ" ಅಂದಳಂತೆ ಅತ್ತಿಗೆ. ಇದನ್ನು ಆಕೆ ನಗುತ್ತಾ ಹೇಳಿದಾಗ ನಾನೂ ನಕ್ಕುಬಿಟ್ಟೆ. ಈಗ ಆ ನಗು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಾನು ಬಳ್ಳಾರಿಯಲ್ಲಿದ್ದು ಮೋಕದ ಶಾಲೆಗೆ ಪಾಠ ಹೇಳಲು ಹೋಗುವವಳು. ಪ್ರತಿ ಭಾನುವಾರ ಕುರುಗೋಡಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬಾದನಹಟ್ಟಿಯ ತವರಿಗೆ ಹೋಗುತ್ತಿದ್ದೆ. ಕೈಯಲ್ಲಿ ಒಂದು ಚೀಲ ಮೋಸಂಬಿ, ಬಾಯಲ್ಲಿ ಒಂದು ಚೀಲ ಉಪದೇಶ. ಬೆರಳು ದಿನಕ್ಕೆ ಎಷ್ಟು ಸಲ ಬಿಡಿಸಬೇಕು, ಗಂಜಿ ಎಷ್ಟು ತೆಳ್ಳಗಿರಬೇಕು ಎಂದು ಕುರ್ಚಿಯಲ್ಲಿ ಕೂತು ಹೇಳಿ, ಅತ್ತಿಗೆ ಮಾಡಿದ ಚಹಾ ಕುಡಿದು, ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ನನ್ನಂತೆ ಮಾತಾಡಿಸಲು ಬಂದವರು ಒಬ್ಬರೇ ಇಬ್ಬರೇ? ಎಲ್ಲರೂ ಅಣ್ಣನ ಮಂಚದ ಪಕ್ಕ ಕೂತು "ಹೆಂಗದಾನ?" ಎಂದು ಕೇಳುವವರೇ. ಅತ್ತಿಗೆ ಎಲ್ಲರಿಗೂ ಅದೇ ಉತ್ತರ ಕೊಟ್ಟು, ಎಲ್ಲರಿಗೂ ಚಹಾಕ್ಕೆ ಇಡುತ್ತಿದ್ದಳು.

ಆಕೆಯನ್ನು ಹೇಗಿದ್ದೀರಿ ಎಂದು ಕೇಳಿದ್ದು ಒಬ್ಬಳೇ, ಬಳ್ಳಾರಿಯ ಆಸ್ಪತ್ರೆಯಲ್ಲಿ ಕೈಕಾಲು ಆಡಿಸುವುದನ್ನು ಕಲಿಸುವ ಹುಡುಗಿ. ಅಣ್ಣನ ಮೊಣಕಾಲು ಮಡಚುತ್ತಾ, ತಲೆ ಎತ್ತದೆ, "ನೀವು ಹೆಂಗದೀರಿ ಅಮ್ಮಾ?" ಅಂದಳು. ಅತ್ತಿಗೆ ಹಿಂದೆ ತಿರುಗಿ ನೋಡಿದಳು. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. "ನನಗೇನ್ರಿ ಕೇಳಿದ್ದು? ನಾನು ಆರಾಮದೀನ್ರಿ" ಅಂದಳು. ಮರಳುವಾಗ ಊರು ಬರುವವರೆಗೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಗಂಡನ ಸಂಕಟಕ್ಕೆ ಅಳುತ್ತಾಳೆ ಎಂದು ನಾನು ತಿಳಿದುಕೊಂಡೆ.

ಅಣ್ಣ ಮೊದಲೇ ಮುಂಗೋಪಿ, ಮೆಣಸಿನಕಾಯಿ ಹೊಲದ ಆ ತುದಿಯಿಂದ ಕೂಗಿದರೆ ಈ ತುದಿಯ ಆಳು ಬೆಚ್ಚಬೇಕು. ಮಾತು ಹೋದ ಮೇಲೆ ಅವನ ಸಿಟ್ಟೆಲ್ಲಾ ಎಡಗೈಗೆ ಬಂತು. ತಟ್ಟೆ ಒಗೆಯುವನು, ಉಣಿಸುವ ಕೈಗೇ ಹೊಡೆಯುವನು, ಮರುಗಳಿಗೆ ಗಳಗಳ ಅಳುವನು. "ಅವ ಹೊಡಿಯಂಗಿಲ್ಲಬೇ, ರೋಗ ಹೊಡಸ್ತೈತಿ" ಎಂದು ನಮ್ಮ ಅವ್ವ ಸಮಾಧಾನ ಹೇಳಿದರೆ, ಅತ್ತಿಗೆ ಕೆಂಪಾದ ಕೆನ್ನೆ ತೊಳೆದುಕೊಳ್ಳುತ್ತಾ, "ಹೊಡಸೋದು ರೋಗ ಇರಬೌದು ಅತ್ತಿ, ಬೀಳೋದು ನನಗ" ಅಂದಳು. ಜಗಳದ ದನಿಯಲ್ಲ, ಲೆಕ್ಕ ಒಪ್ಪಿಸುವವರ ದನಿ. ಮಕ್ಕಳಿಲ್ಲದ ಮನೆ. ಹೊಲವನ್ನು ಬೆಳೆಯ ಪಾಲಿನ ಮೇಲೆ ಬೇರೆಯವರಿಗೆ ಕೋರಿಗೆ ಕೊಟ್ಟಾಗಿತ್ತು, ಅವ್ವನಿಗೆ ಮೊಣಕಾಲು ನೋವು. ಎತ್ತುವುದು, ಇಳಿಸುವುದು, ತೊಳೆಯುವುದು ಎಲ್ಲಾ ಅತ್ತಿಗೆಯೇ.

ಇನ್ನು ಹರಕೆಯ ಮಾತು ಹೇಳಬೇಕು. ಹೇಳಲು ನನಗೆ ನಾಚಿಕೆ.

ಅಣ್ಣನನ್ನು ಆಸ್ಪತ್ರೆಯಿಂದ ಕರೆತಂದ ದಿನ ಅವ್ವ ಕುರುಗೋಡಿನಲ್ಲಿ ಕಾರು ನಿಲ್ಲಿಸಿ, ಬಸವಣ್ಣನ ಮುಂದೆ ಕಾಯಿ ಒಡೆಸಿದಳು. "ನನ್ನ ಮಗ ತನ್ನ ಕಾಲಿಂದ ನಡಕೊಂಡು ನಿನ್ನ ಗುಡಿಗೆ ಬರಾತನ ನನ್ನ ಸೊಸಿ ತವರುಮನಿ ಹೊಸ್ತಿಲ ತುಳಿಯಂಗಿಲ್ಲಪ್ಪ" ಎಂದು ಬೇಡಿಕೊಂಡಳು. ಪೂಜೆಯ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳು ನಾನು. ಸೊಸೆ ಹೊರಗೆ ಕಾರಿನಲ್ಲಿ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ಆಕೆಯ ಹೆಸರಿನಲ್ಲಿ ಹರಕೆ ಹೊತ್ತದ್ದು ಆಕೆಗೇ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಹೇಳಿದಾಗ "ಹೌದಾ?" ಅಂದಳು. ಮಕ್ಕಳಿಗೆ ಮೂಢನಂಬಿಕೆ ಬೇಡವೆಂದು ಪಾಠ ಮಾಡುವ ನಾನು ತುಟಿ ಬಿಚ್ಚಲಿಲ್ಲ. ನಿಜ ಹೇಳುತ್ತೇನೆ, ನನಗೆ ಆ ಹರಕೆ ಅನುಕೂಲವಾಗಿತ್ತು. ಆಕೆ ತವರಿಗೆ ಹೋದರೆ ಅಣ್ಣನನ್ನು ಎತ್ತುವವರು ಯಾರು?

ಆಕೆಯ ತವರು ಸಿರುಗುಪ್ಪದ ಆಚೆ ಕರೂರು. ಮುಂಜಾನೆ ಹೋದರೆ ಸಂಜೆಗೆ ತಿರುಗಿ ಬರಬಹುದಾದ ಊರು. ಅಲ್ಲಿ ಆಕೆಯ ಅವ್ವ ಸೊಂಟ ಮುರಿದುಕೊಂಡು ಮಲಗಿದ್ದಳು. ಕಿವಿ ಕೇಳದ ಮುದುಕಿ, ಫೋನಿನಲ್ಲಿ ಮಾತಾಡುವಂತೆಯೂ ಇರಲಿಲ್ಲ. ಅತ್ತಿಗೆ ಒಂದೇ ಒಂದು ಸಲ ನನ್ನನ್ನು ಕೇಳಿದಳು: "ನೀ ಒಂದಿನ ಇವರ ಹಂತೇಕ ಇರ್ತೀಯೇನವ್ವ? ಹೊಸ್ತಿಲ ತುಳಿಯಂಗಿಲ್ಲ. ಕಿಟಕಿಯಿಂದ ಮಾರಿ ತೋರಿಸಿ ಬರ್ತೀನಿ." "ನಾಳಿ ಸಾಲಿ ಐತಿ ಅತ್ತಿಗಿ, ಮುಂದಿನ ವಾರ ನೋಡೋಣು" ಅಂದೆ. ಮುಂದಿನ ವಾರ ನಾನು ಮರೆತೆ. ಆಕೆ ನೆನಪಿಸಲಿಲ್ಲ.

ಅದರ ಬದಲು ಆಕೆ ಅಣ್ಣನ ಕಾಲಿನ ಬೆನ್ನು ಹತ್ತಿದಳು. ಮಂಚದಿಂದ ಬಾಗಿಲವರೆಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆದು, ದಿನಕ್ಕೊಂದು ಗೀಟು ದಾಟಿಸಲು ನೋಡುತ್ತಿದ್ದಳು. ಸೀಮೆಸುಣ್ಣ ನನ್ನ ಶಾಲೆಯದೇ. ಓಣಿಯವರು ಬಾಗಿಲಲ್ಲಿ ನಿಂತು "ಎಂಥ ಪುಣ್ಯವಂತ, ಇಂಥ ಹೇಣ್ತಿ ಸಿಕ್ಕಾಳ" ಎಂದು ಹೊಗಳುತ್ತಿದ್ದರು. ನಾನೂ ಒಮ್ಮೆ ಹೊಗಳಿದೆ. ಅಣ್ಣನನ್ನು ಮಂಚಕ್ಕೆ ಕೂಡಿಸಿ ಏದುಸಿರು ಬಿಡುತ್ತಿದ್ದ ಅತ್ತಿಗೆ ನನ್ನ ಕಿವಿಯ ಹತ್ತಿರ ಬಂದು, "ನಿಮ್ಮಣ್ಣನ ಕಾಲಿಂದ ನಾನು ಕರೂರಿಗೆ ಹೊಂಟೀನವ್ವ" ಅಂದಳು. ಆಗಲೂ ನಕ್ಕಳು.

ಹನ್ನೊಂದನೆಯ ಗೀಟು ದಾಟಿದ ವಾರ ಕರೂರಿನಿಂದ ಸುದ್ದಿ ಬಂತು. ಮುದುಕಿ ತೀರಿಕೊಂಡಿದ್ದಳು.

ಆ ದಿನ ರಜೆ ಹಾಕಿ ನಾನು ಅಣ್ಣನ ಹತ್ತಿರ ಉಳಿದೆ. ಬದುಕಿದ್ದಾಗ ಸಿಗದ ರಜೆ ಸತ್ತ ಮೇಲೆ ಸಿಕ್ಕಿತು. ಅಣ್ಣನ ಭಾರ ನನಗೆ ಎರಡು ಸಲಕ್ಕೇ ಸಾಕಾಯಿತು. ಮೂರನೆಯ ಸಲ ಬಚ್ಚಲಿಗೆ ಒಯ್ಯಲಾಗದೆ ಅವನು ಹಾಸಿಗೆಯಲ್ಲೇ ಮಾಡಿಕೊಂಡ, ಒರೆಸಲು ಹೋದರೆ ಹೊಡೆದ. ಮಧ್ಯಾಹ್ನವಾಗುವ ಮೊದಲೇ ನಾನು ಅತ್ತಿಗೆಯ ಬಸ್ಸಿನ ದಾರಿ ಕಾಯುತ್ತಿದ್ದೆ.

ಸಂಜೆ ಬಂದವಳು ತಲೆಯ ಮೇಲೆ ನೀರು ಹಾಕಿಕೊಂಡು ನೇರ ಅಣ್ಣನ ಒದ್ದೆ ಚಾದರಕ್ಕೆ ಕೈ ಹಾಕಿದಳು. "ಒಳಗ ಹೋದ್ಯೇನು ಅತ್ತಿಗಿ?" ಎಂದು ಕೇಳಿದೆ.

"ಇಲ್ಲವ್ವ. ನಮ್ಮವ್ವನ್ನ ಪಡಸಾಲ್ಯಾಗ ಕುಂದ್ರಿಸಿದ್ರು. ನಮ್ಮಣ್ಣ ಬಾ ಒಳಗ ಅಂತ ಕೈ ಹಿಡಿದು ಜಗ್ಗಿದ. ನಾನು ಅಂಗಳದಾಗ ನಿಂತು ನೋಡಿದೆ. ಮಂದಿ ಅಡ್ಡ ಇದ್ರು, ಮಾರಿ ಅಷ್ಟ ಕಂಡ್ತು."

"ಹೋಗಬೇಕಿತ್ತು."

"ಹೆಂಗ ಹೋಗಲಿ? ಹನ್ನೊಂದು ಗೀಟು ದಾಟ್ಯಾರ. ನಾನು ಒಳಗ ಕಾಲಿಟ್ಟು, ಇವರು ಇಲ್ಲಿ ಬಿದ್ದಿದ್ರ?"

ನಾವು ಹೇರಿದ್ದನ್ನು ಆಕೆ ಅಷ್ಟು ಹೊತ್ತಿಗೆ ನಂಬಿಯೂ ಬಿಟ್ಟಿದ್ದಳು. ಮರುದಿನದಿಂದ ಗೀಟು ಎಳೆಯುವುದನ್ನು ನಿಲ್ಲಿಸಿದಳು. ಉಣಿಸುವುದು, ತೊಳೆಯುವುದು ನಿಲ್ಲಲಿಲ್ಲ. ತಲೆನೋವು ಎಂದು ಹಣೆಗೆ ಬಟ್ಟೆ ಕಟ್ಟಿಕೊಂಡಿರುತ್ತಿದ್ದಳು. ಕೇಳಿದರೆ "ನಿದ್ದಿ ಇಲ್ಲ, ಅದಕ" ಅನ್ನುತ್ತಿದ್ದಳು. ಪ್ರತಿ ತಿಂಗಳೂ ಗಂಡನ ಬಿ.ಪಿ. ನೋಡಿಸಲು ಆಸ್ಪತ್ರೆಗೆ ಬರುತ್ತಿದ್ದಳಲ್ಲ, ಆ ಪಟ್ಟಿಯನ್ನು ಈಕೆಯ ತೋಳಿಗೂ ಒಮ್ಮೆ ಕಟ್ಟಿಸಬೇಕು ಎಂದು ನಮಗಾರಿಗೂ ಹೊಳೆಯಲಿಲ್ಲ.

ಮುದುಕಿ ತೀರಿ ನಾಲ್ಕು ತಿಂಗಳಾಗಿತ್ತು. ಒಂದು ಮುಂಜಾನೆ ಅಣ್ಣನನ್ನು ಬಚ್ಚಲ ಕಲ್ಲಿನ ಮೇಲೆ ಕೂಡಿಸಿ ಮೈಗೆ ಸೋಪು ಹಚ್ಚುತ್ತಿದ್ದವಳು ಹಾಗೇ ಪಕ್ಕಕ್ಕೆ ಒರಗಿಬಿಟ್ಟಳು. ಅಣ್ಣನಿಗೆ ಬಂದದ್ದೇ ಆಕೆಗೂ ಬಂದಿತ್ತು, ಇನ್ನೂ ಜೋರಾಗಿ. ಅಣ್ಣ ಕೂಗಿದ. ಅವನ ಕೂಗು ದಿನವೂ ಕೇಳುವುದೇ ಎಂದು ಓಣಿಯಲ್ಲಿ ಯಾರೂ ಏಳಲಿಲ್ಲ. ಗುಡಿಗೆ ಹೋಗಿದ್ದ ಅವ್ವ ಬಂದು ನೋಡಿದಾಗ ಆಕೆಯ ಉಸಿರು ನಿಂತಿತ್ತು, ಅವನ ಮೈಮೇಲಿನ ಸೋಪು ಒಣಗಿತ್ತು, ಎಡಗೈ ಆಕೆಯ ಜುಟ್ಟಿನ ಮೇಲಿತ್ತು.

ಈಗ ನಾನು ಉದ್ದನೆಯ ರಜೆ ಹಾಕಿ ಬಾದನಹಟ್ಟಿಯಲ್ಲಿದ್ದೇನೆ. ಅಣ್ಣ ಮಂಚ ಬಿಟ್ಟು ಏಳುವುದಿಲ್ಲ, ನಾನೂ ಒತ್ತಾಯ ಮಾಡುವುದಿಲ್ಲ. ಅತ್ತಿಗೆಯ ಕಾರ್ಯ ಮುಗಿದ ಮೇಲೆ ಅವ್ವನಿಗೆ ಹರಕೆ ಉಳಿದುಬಿಟ್ಟಿತಲ್ಲಾ ಎಂಬ ಭಯ ಹತ್ತಿತು. "ಹೋಗಿ ಕೇಳಿ ಬಾ, ಏನರ ಮಾಡಾಕ ಬರ್ತೈತೇನು" ಎಂದು ನನ್ನನ್ನು ಕುರುಗೋಡಿಗೆ ಕಳಿಸಿದಳು. ಮುದುಕ ಪೂಜಾರಿ ಎಲ್ಲ ಕೇಳಿಸಿಕೊಂಡು ಹೇಳಿದ:

"ಇದಕ ಇಷ್ಟ್ಯಾಕವ್ವ ಚಿಂತಿ? ಮನಿಯವರು ಯಾರರ ಒಬ್ರು ಬಂದು, ತಪ್ಪಾತು ಬಸವಣ್ಣ ಅಂತ ಒಂದು ಕಾಯಿ ಒಡಿಸಿದ್ರ ಹರಕಿ ಬಿಟ್ಟಂಗ. ಎಷ್ಟು ಮಂದಿ ಬರ್ತಾರ."

ಕಾಯಿ ಒಡೆಸಲಿಲ್ಲ, ಹೊರಗೆ ಬಂದೆ. ಗುಡಿಯ ಮೆಟ್ಟಿಲ ಮೇಲೆ ನಿಂತರೆ ಬಸ್‌ಸ್ಟ್ಯಾಂಡಿನ ಕಡೆ ಹೋಗುವ ರಸ್ತೆ ಕಾಣಿಸುತ್ತದೆ. ಎರಡು ವರ್ಷ, ಪ್ರತಿ ಭಾನುವಾರ, ನಾನು ಅಲ್ಲಿ ಬಾದನಹಟ್ಟಿಯ ಬಸ್ಸಿಗೆ ಅರ್ಧ ತಾಸು ಕಾಯುತ್ತಾ ಈ ಗುಡಿಯ ದಿಕ್ಕಿಗೆ ಕೈ ಮುಗಿಯುತ್ತಿದ್ದೆ.